ಕಿವಿಯೊಳಗಿನ ಅತ್ತರು

ಮಗನಿಗೆ ಹೆಣ್ಣು ನೋಡಲು ಮೋರಟಗಿಗೆ ಹೊರಟ ಮಲ್ಲಣ್ಣ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಅತ್ತೆ, ಬಸುರಿ ಸೊಸೆ. ಸೊಸೆ ಲಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡಿದ್ದಳು.

“ಮೂಸು ರೇಣವ್ವ. ಮತ್ತ ವಾಂತಿ ಆದ್ರ ಹಿಂದಿನವನಂಗ ಬರೋ ಬಸ್ಸಿನ ಕಂಡಕ್ಟರನೂ ನಡುದಾರಿಯೊಳಗ ಇಳಿಸ್ತಾನ.”

“ಲಿಂಬಿಹಣ್ಣು ಹಿತಾ ಅನಿಸಿತ್ತು ಅತ್ತಿ. ಇಲ್ಲಿ ಕುಂತಮ್ಯಾಲ ಹೊಟ್ಟಿ ತೊಳಸಾಕತ್ತೈತಿ. ಏನೋ ಕೆಟ್ಟ ವಾಸನಿ.”

ಮಲ್ಲಣ್ಣನ ಸಿಟ್ಟು ನೆತ್ತಿಗೇರಿತು. ಎದುರಿಗೆ ಬೀಡಿ ಸೇದುತ್ತಿದ್ದವನನ್ನು ಗದರಿಸಿದ:

“ಏಯ್, ಬಸುರಿ ಹೆಣ್ಮಗಳು ಕಾಣಂಗಿಲ್ಲೇನು? ಒಗಿ ಅದನ್ನ!”

ಅವನು ಒಗೆದ.

“ಈಗ ಹೆಂಗೈತವ್ವಾ?” ಅತ್ತೆ ಸೊಸೆಯನ್ನು ಕೇಳಿದಳು.

“ಬೀಡಿದಲ್ಲ ಅತ್ತಿ. ಗುಲಾಬಿ ಅತ್ತರದ್ದು.”

ಅತ್ತೆ ಸುತ್ತ ನೋಡಿ, ಮಲ್ಲಣ್ಣನ ಕಿವಿಯ ಹತ್ತಿಯ ಮೇಲೆ ಕಣ್ಣು ನಿಲ್ಲಿಸಿದಳು.

“ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ…”

“ನಂದೇ ತಪ್ಪು ಬಿಡ್ರಿ. ಬೀಗರ ಮುಂದ ದೊಡ್ಡಮನಷ್ಯಾ ಕಾಣ್ಬೇಕಂತ ಎರಡು ಸಲ ಅದ್ದಿ ಇಟ್ಕೊಂಡೀನಿ.”

ಹತ್ತಿ ಕಿತ್ತು ಎಸೆದರೂ ವಾಸನೆ ಹೋಗಲಿಲ್ಲ. ಮೋರಟಗಿ ಬಸ್ಸು ಬಂತು.

“ನೀವೂ ಇದಕ್ಕ ಬರವ್ರೇನ್ರಿ?” ಅತ್ತೆ ಅಂಜುತ್ತಲೇ ಕೇಳಿದಳು.

“ಇಲ್ರಿ. ನಂದು ಮುಂದಿನ ಬಸ್ಸು.”

ಅವರು ಹತ್ತಿದರು. ಬಸ್ಸು ಹೋಯಿತು. ಮಲ್ಲಣ್ಣ ಎದುರಿನವನತ್ತ ತಿರುಗಿದ.

“ತಮ್ಮಾ, ಒಂದು ಬೀಡಿ ಕೊಡು. ಈ ನಾತ ನನಗೂ ತಡಿಯಾಕ ಆಗವಲ್ತು.”