ಗಾಳೆಪ್ಪನ ತೋಳಿಗೆ ಕಟ್ಟಿದ ಪಟ್ಟಿ

...ಅಲ್ರಿ ಡಾಕ್ಟರ್ ಸಾಹೇಬ್ರ, ತೋಳಿಗೆ ಪಟ್ಟಿ ಸುತ್ತಿದ್ರಿ, ಸೈಕಲ್ಲಿಗೆ ಹೊಡದಂಗ ಪುಸ್ ಪುಸ್ ಅಂತ ಗಾಳಿ ಹೊಡದ್ರಿ, ಪಾದರಸ ಏರೂದು ನೋಡಿದ್ರಿ. ‘ಕಳಕಮ್ಮ, ನಿನ್ನ ಮಗಗ ರಗತದ ಒತ್ತಡ ಭಾಳ ಐತಿ, ಕುಸ್ತಿ ಬ್ಯಾಡ’ ಅಂದ್ರಿ. ಹದಿನಾರು ವರ್ಷದ ಹುಡುಗಗ ಎಲ್ಲಿ ಒತ್ತಡರಿ? ನಮ್ಮ ಗಾಳೆಪ್ಪ ಒತ್ತಿದ್ರ ಮಂದಿ ಚಪ್ಪಟಿ ಆಗ್ತಾರ.

ಯಾಕ ನಗ್ತೀರಿ? ಖರೇನ ಹೇಳಾಕತ್ತೀನಿ. ತಳಕಲ್ ಗರಡಿಯಾಗ ಯಾರನ್ನರ ಕೇಳ್ರಿ. ಜೋಳದ ಚೀಲ ಕೂಸಿನಂಗ ಎತಗೊಂಡು ಅಡ್ಡಾಡ್ತಾನ. ನೀವು ಸುತ್ತಿದ ಪಟ್ಟಿ ಅವನ ತೋಳಿಗೆ ಸಾಲಲಿಲ್ಲ, ಅದನ್ಯಾಕ ಹೇಳವಲ್ರಿ? ಆ ಮಿಶಿನ್ನು ನೀವು ಲಡಾಯಿ ಮುಗಿಸಿ ಬರುವಾಗ ತಂದದ್ದಂತ. ಗುಂಡಿನ ಸಪ್ಪಳಕ್ಕ ಹೆದರಿದ ಮಿಶಿನ್ನು ಅದು. ಅದರ ಮಾತು ಏನು ನಂಬತೀರಿ.

ಬರೂ ಶುಕ್ರವಾರ ಕುಷ್ಟಗಿ ಪೈಲ್ವಾನನ ಜೋಡಿ ಕುಸ್ತಿ ಐತ್ರಿ. ಗೆದ್ರ ಬೆಳ್ಳಿ ಕಡಗ. ನಿನ್ನಿ ತಾಲೀಮು ಮಾಡುವಾಗ ಒಂದೀಟು ಕಣ್ಣು ಮಂಜಾಗಿ ಗ್ವಾಡಿ ಹಿಡಕೊಂಡು ಕುಂತ, ಅಷ್ಟ. ಬಿಸಲಿಗೆ ಆಗಿದ್ದೀತು ಅಂದೆ ನಾನು. ಗರಡಿ ಉಸ್ತಾದ ಮದಾರಸಾಬ ಕೇಳಲಿಲ್ಲ. ಡಾಕ್ಟರು ಹೂಂ ಅನ್ನೂ ತನಕ ಹುಡುಗನ್ನ ಮಣ್ಣಿಗೆ ಇಳಸಂಗಿಲ್ಲ ಅಂತ ಹಟ ಹಿಡದು ಯಲಬುರ್ಗಾಕ್ಕ ನಿಮ್ಮಲ್ಲಿಗೆ ಕಳಿಸ್ಯಾನ. ಮೀಸಿ ನೋಡಿದ್ರ ಹುಲಿ, ಎದಿ ಗುಬ್ಬೀದು.

ಏನಂದ್ರಿ, ತಲಿ ನೋಯತೈತೇನು ಅಂತೀರಿ? ನೋಯತೈತಿ... ಒಮ್ಮೊಮ್ಮಿ ಮೂಗಿನಾಗ ರಗತಾನೂ ಬರತೈತಿ. ಉಷ್ಣರಿ ಅದು. ಉಳ್ಳಾಗಡ್ಡಿ ಮೂಸಿಸಿದ್ರ ನಿಂದರತೈತಿ.

ಅವರಪ್ಪ? ಅವರಪ್ಪನ ಸುದ್ದಿ ಈಗ್ಯಾಕರಿ? ಅವರು ಹ್ವಾದದ್ದು ಬಂಡಿ ಮ್ಯಾಲಿಂದ ಬಿದ್ದು. ಊರಿಗೆಲ್ಲ ಗೊತ್ತೈತಿ. ಗಾಳೆಪ್ಪ ಆಗಿನ್ನೂ ತೊಟ್ಟಲದಾಗಿದ್ದ.

ಯಾಕ್ರಿ, ಪೆನ್ನು ಕೆಳಗಿಟ್ರಿ?

ಹಂಗ ನೋಡಬ್ಯಾಡ್ರಿ ನನ್ನ.

...ನಿಂತ ಬಂಡಿರಿ ಅದು. ಎತ್ತು ಇನ್ನೂ ಹೂಡಿರಲಿಲ್ಲ. ಮುಂಜಾನಿಂದ ತಲಿ ಹಿಡಕೊಂಡು ಕುಂತಿದ್ರು. ಬ್ಯಾಡ, ಇವತ್ತು ಮನಿಯಾಗ ಮಕ್ಕೋರಿ ಅಂದೆ, ಕೇಳಲಿಲ್ಲ. ಬಂಡಿ ಹತ್ತಿ ನಿಂತ್ರು. ಬಿದ್ದು ಸತ್ರು ಅಂತ ಊರಿಗೆ ಹೇಳೀನಿ. ಸತ್ತು ಬಿದ್ರುರಿ ಅವರು. ಮೂವತ್ತು ತುಂಬಿರಲಿಲ್ಲ. ಇವರ ಮನಿತನಕ್ಕ ಬ್ಯಾನಿ ಐತಿ ಅಂತ ಮಂದಿ ಅಂದ್ರ ನನ್ನ ಮಗಗ ಹೆಣ್ಣು ಯಾರು ಕೊಡ್ತಾರ ಅಂತ... ಗಾಳೆಪ್ಪಗೂ ಹಂಗ ಹೇಳೀನಿ.

ಹೊರಗ ಕಟ್ಟಿ ಮ್ಯಾಲೆ ಕುಂತಾನ. ಕರೀರಿ ಒಳಗ.

ಅಲ್ಲ, ನೀವು ಹೇಳಬ್ಯಾಡ್ರಿ. ನಾನ ಹೇಳ್ತೀನಿ. ನೀವು ಬಾಜೂಕ ನಿಂದರ್ರಿ, ಸಾಕು.