ಹಳೆಯ ಮನೆ ನೋಡಲು ಬಂದ ಮಗು

ನಮ್ಮ ದ್ರೂಜ್ ಪಂಥದವರಲ್ಲಿ ಸತ್ತವರು ಹೆಚ್ಚು ಕಾಯಿಸುವುದಿಲ್ಲ; ಬೇರೆ ಊರಲ್ಲಿ ಹುಟ್ಟಿ, ಮಾತು ಬಂದೊಡನೆ ಹಳೆಯ ಮನೆಯ ಗುರುತು ಹೇಳುತ್ತಾರೆ. ಮೊನ್ನೆ ನಮ್ಮ ಲೆಬನಾನಿನ ಬೆಟ್ಟದೂರಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ, ಕೆಲವು ವರ್ಷಗಳ ಹಿಂದೆ ಜ್ವರಕ್ಕೆ ಮಗಳನ್ನು ಕಳೆದುಕೊಂಡಿದ್ದ ಝಹಿಯಾ ನನ್ನ ಮುಂದಿದ್ದಳು. ಅವಳ ಮುಂದೆ ಅವಳ ನಾದಿನಿ ನಜ್ಲಾ.

“ನಿಮ್ ರುವೈದಾ ಮತ್ತೆ ಹುಟ್ಟಿದಾಳೆ ಅತ್ತಿಗೆ. ಹೋದ್ವಾರ ಅವಳ ಈಗಿನ ಅಪ್ಪ ನಮ್ಮನೇಗೆ ಕರ್ಕೊಂಡ್ ಬಂದಿದ್ರು.”

“ನನ್ನ ಯಾಕೆ ಕರೀಲಿಲ್ಲ?”

“ಮಗೂನೇ ಬೇಡ ಅಂತು.”

“ಸುಳ್ಳು! ಯಾರದೋ ಮಗೂಗೆ ನೀನೇ ಹೇಳ್ಕೊಟ್ಟಿರ್ತೀಯ.”

“ಆಲಿವ್ ತೋಟದಲ್ಲಿ ‘ತಲೆ ಎತ್ತೋಕಾಗಲ್ಲಮ್ಮ’ ಅಂದ್ರೆ, ನೀವು ‘ನಾಟಕ ಆಡ್ಬೇಡ, ಬುಟ್ಟಿ ತುಂಬ್ಸು’ ಅಂದ್ರಂತೆ. ಇದನ್ನ ನಾನೆಲ್ಲಿಂದ ಹೇಳ್ಕೊಡ್ಲಿ?”

ಝಹಿಯಾ ಬಿಳಿ ಮುಸುಕಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

“ಅಲ್ಲಿ ನಾವಿಬ್ರೇ ಇದ್ದಿದ್ದು. ಹಾಗಾದ್ರೆ ಅವಳೇ! ನನ್ ಮಗಳೇ!”

ಅವಳು ನಗುತ್ತಿದ್ದಳು.

“ಅವಳೇ. ಈ ಸಲ ಒಳ್ಳೆ ಅಮ್ಮ ಸಿಕ್ಕಿದಾಳಂತೆ.”

“ಸಿಗ್ಲಿ ಬಿಡು. ದೂರದಿಂದ ನೋಡ್ಕೊಂಡ್ ಬರ್ತೀನಿ. ಯಾವ ಊರು?”

“ಹೇಳಲ್ಲ ಅಂತ ಮಗೂಗೆ ಮಾತು ಕೊಟ್ಟಿದೀನಿ.”

“ಈಗಿನ ಹೆಸರಾದ್ರೂ ಹೇಳೇ.”

“ಹೆಸರು ಗೊತ್ತಾದ್ರೆ ಊರು ಹುಡುಕ್ತೀರಿ.”

ನಜ್ಲಾ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಝಹಿಯಾ ತನ್ನ ಸರದಿ ಬಿಟ್ಟು ಹಿಂದೆಯೇ ಹೋದಳು.

“ಜ್ವರ ಅಂತ ನಂಗೊತ್ತಿರ್ಲಿಲ್ಲ ಕಣೇ. ಅಷ್ಟಾದ್ರೂ ಅವಳಿಗೆ ಹೇಳು.”

ನಜ್ಲಾ ತಿರುಗಿಯೂ ನೋಡಲಿಲ್ಲ.

“ನಾನೂ ಅದನ್ನೇ ಹೇಳ್ದೆ ಅತ್ತಿಗೆ. ‘ಹಣೆ ಮುಟ್ಟಿ ನೋಡಿದ್ಲಲ್ಲ’ ಅಂದ್ಲು.”

ಇಬ್ಬರೂ ಓಣಿಯ ತಿರುವು ದಾಟಿದರು.