ಮಾವಿನೆಲೆಯ ಟೇಪಿಗೆ ಅಂಟಿ ಬಂದ ಬಣ್ಣ

ಹೆಸರು ನಾಗಶ್ರೀ, ಲಿಂಗಯ್ಯನವರ ಮಗಳು, 23 ವರ್ಷ, ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ. ವಾಸ ಆತಗೂರು ಗ್ರಾಮ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಈ ದಿನ ಬೆಳಿಗ್ಗೆ 6.40ಕ್ಕೆ ಅಂಗಳ ಗುಡಿಸುವಾಗ, ಆಯುಧಪೂಜೆಗೆ ನಮ್ಮ ಕಾರಿನ ಮುಂದಿನ ಬಂಪರಿಗೆ ಅಂಟಿಸಿದ್ದ ಮಾವಿನೆಲೆ ಒಣಗಿದ್ದರಿಂದ ಟೇಪು ಕಿತ್ತೆನು. ಟೇಪಿನ ಜೊತೆ ಗೇಣುದ್ದ ಬಿಳಿ ಬಣ್ಣ ಕೆನೆಯಂತೆ ಎದ್ದು ಬಂತು. ಕೆಳಗೆ ಮೂರು ಗೀರುಗಳಿದ್ದವು. ಗೀರಿನೊಳಗೆ ನೀಲಿ ಬಣ್ಣವಿತ್ತು.

ದಿನಾಂಕ 09-09-2025ರ ಸಂಜೆ 6.35ಕ್ಕೆ ನನ್ನ ಅಣ್ಣ ಶಿವರಾಜು, 29 ವರ್ಷ, ಒಬ್ಬನೇ ಕಾರಿನಲ್ಲಿ ಮನೆಗೆ ಬಂದನು. ದಿನವೂ ರಸ್ತೆಗೆ ಮುಖ ಮಾಡಿ ನಿಲ್ಲಿಸುವವನು ಅಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದನು. ಕೇಳಿದ್ದಕ್ಕೆ, ಕಂಬಕ್ಕೆ ಒಸಿ ಉಜ್ಜೋಯ್ತು ಕಣಮ್ಮಿ, ಅಪ್ಪಂಗೆ ಏಳ್ಬ್ಯಾಡ ಎಂದನು. 7.15ಕ್ಕೆ ನಮ್ಮ ಮನೆಯಿಂದ ಸುಮಾರು 800 ಮೀಟರ್ ದೂರದ ನಾಲೆ ಏರಿಯಲ್ಲಿ, ಡೈರಿಗೆ ಹಾಲು ಒಯ್ಯುತ್ತಿದ್ದ ಕರಿಯಯ್ಯನವರು ಸೈಕಲ್ ಸಮೇತ ಬಿದ್ದಿದ್ದಾರೆಂದು ಜನ ಕೂಗಿದರು. ಮಂಡ್ಯದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಅವರು ತೀರಿಕೊಂಡರು. ಹಾಲಿನ ಕ್ಯಾನ್ ಇಡಲು ಸೈಕಲ್ಲಿಗೆ ಕಟ್ಟಿಸಿದ್ದ ಕಬ್ಬಿಣದ ಕ್ಯಾರಿಯರಿಗೆ ಅವರೇ ನೀಲಿ ಬಣ್ಣ ಬಳಿದುಕೊಂಡಿದ್ದರು.

11ರಂದು ತಮ್ಮ ಸಿಬ್ಬಂದಿ ಮನೆಮನೆಗೆ ಬಂದು ವಿಚಾರಿಸಿದಾಗ ಅಣ್ಣನು, ಮೂರು ದಿನದಿಂದ ಕಾರು ಆಚೆಗೇ ತೆಗ್ದಿಲ್ಲ ಸಾರ್ ಎಂದನು. ಅವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆನು.

14ರ ಭಾನುವಾರ 10 ಗಂಟೆಗೆ ಅಣ್ಣನು ಬಂಪರನ್ನು ಬಿಚ್ಚಿ ಹಿತ್ತಲಿನಲ್ಲಿ ಎರಡು ಸ್ಟೂಲಿನ ಮೇಲಿಟ್ಟನು. ಪರಿಚಯದವರಿಲ್ಲದ ಊರೆಂದು ಮಳವಳ್ಳಿಯಿಂದ ಬಿಳಿ ಸ್ಪ್ರೇ ಡಬ್ಬಿ ತಂದಿದ್ದನು. ಬಣ್ಣ ಹಿಡಿಯಬೇಕಾದರೆ ಪ್ಲಾಸ್ಟಿಕ್ಕಿಗೆ ಬೇರೆ ಪ್ರೈಮರ್ ಹಾಕಬೇಕಂತೆ ಎಂದು ನಾನು ಹೇಳಿದೆನು. ಅದಕ್ಕವನು, ಅಲ್ಲೂ ಏನಾಯ್ತು ಅಂತ ಕೇಳ್ದ ಅಂಗಡಿಯೋನು, ತಿರ್ಗ ಓಗಕಾಯ್ತದಾ, ಗೇಟಿಗೆ ಒಡ್ದು ಮಿಕ್ಕಿರೋ ಪ್ರೈಮರ್ರೇ ಸಾಕು, ಎಮ್ಮೆ ಓದಿರೋಳು ಸುಮ್ಕೆ ಉಜ್ಜಮ್ಮಿ ಎಂದನು. ನಾನು ನೀರು ಹಾಕಿಕೊಂಡು ಉಪ್ಪುಕಾಗದದಲ್ಲಿ 40 ನಿಮಿಷ ಉಜ್ಜಿದೆನು. ಬಕೆಟ್ಟಿನ ನೀರು ಬೆಳ್ಳಗಾಗಬೇಕಿತ್ತು, ತುಸು ನೀಲಿಯಾಯಿತು. ನಾನು ನೋಡಿದೆನು. ನಾನು ನೋಡಿದ್ದನ್ನು ಅಣ್ಣ ನೋಡಿದನು. ಅವನು ಪ್ರೈಮರ್ ಡಬ್ಬಿಯ ಮುಚ್ಚಳ ತೆಗೆದನು. ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿದೆನು. ಅಂದಿನಿಂದ ಆ ಗಿಡದ ಎಲೆ ಕೀಳಲು ನನ್ನಿಂದ ಆಗುತ್ತಿಲ್ಲ. ಅಮ್ಮ ಪಕ್ಕದ ಮನೆಯಿಂದ ತರುತ್ತಾಳೆ.

01-10-2025ರಂದು 9.30ಕ್ಕೆ ಕಾರಿಗೆ ಪೂಜೆ ಮಾಡಿ ದಾರಿಹೋಕರಿಗೆ ಕಡ್ಲೆಪುರಿ ಹಂಚುತ್ತಿದ್ದೆವು. ಕರಿಯಯ್ಯನವರ ಹೆಂಡತಿ ಮಾಯಮ್ಮ ಡೈರಿಯಿಂದ ನಡೆದು ಬರುತ್ತಿದ್ದರು. ಕೈಯಲ್ಲಿದ್ದದ್ದು ಅಂದು ಸೈಕಲ್ಲಿನಲ್ಲಿದ್ದ ಅದೇ ಕ್ಯಾನು, ಬಿದ್ದಾಗ ಆದ ತಗ್ಗನ್ನು ಒಳಗಿನಿಂದ ಬಡಿದು ಸರಿ ಮಾಡಿಸಿದ್ದರು. ಸೆರಗೊಡ್ಡಿ ಪುರಿ ಹಾಕಿಸಿಕೊಂಡು, ಅಂಗೈಯಿಂದ ಬಂಪರು ಸವರಿ, ಒಸಾ ಕಾರಂಗದೆ ಕಣಪ್ಪ, ಉಸಾರಾಗಿ ಓಡ್ಸು ಎಂದರು. ಅಣ್ಣನ ಕೈಯಿಂದ ಪುರಿ ಚೆಲ್ಲಿತು. ಕೂತು ಒಂದೊಂದೇ ಆಯ್ದನು. ಅವರು ಮರೆಯಾಗುವವರೆಗೂ ಏಳಲಿಲ್ಲ.

ಕೆಲಸದ ಅರ್ಜಿಗೆ ಪೊಲೀಸ್ ಪ್ರಮಾಣಪತ್ರ ಬೇಕೆಂದು ಸುಳ್ಳು ಹೇಳಿ ಈ ದಿನ ಅಣ್ಣನ ಬೈಕಿನಲ್ಲೇ 11.10ಕ್ಕೆ ಇಲ್ಲಿಗೆ ಬಂದೆನು. ಅವನು ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದಾನೆ. ನಿಂಗೂ ಟೀ ಏಳಿವ್ನಿ, ಆರೋಯ್ತದೆ, ಬ್ಯಾಗ ಬಾ ಎಂದು ಹೇಳಿ ನನ್ನನ್ನು ಒಳಗೆ ಕಳಿಸಿದನು. ಬಣ್ಣ ಅಂಟಿದ ಟೇಪನ್ನು ಎಲೆಗಳ ಸಮೇತ ಕಾಗದದ ಕವರಿನಲ್ಲಿಟ್ಟು ಹಾಜರುಪಡಿಸಿದ್ದೇನೆ. ಉಜ್ಜಿದವಳು ನಾನೇ ಆದ್ದರಿಂದ ನನ್ನ ಮೇಲೂ ಕ್ರಮ ಜರುಗಿಸಬಹುದು.

ಮೇಲೆ ಬರೆದಿರುವುದನ್ನು ನಾನೇ ಓದಿ ನೋಡಿದೆನು. 11ನೇ ತಾರೀಖು ತಲೆಯಾಡಿಸಿದ್ದು ಸುಳ್ಳು, ಇದು ನಿಜ. ತಾವು ಅವನನ್ನು ಒಳಗೆ ಕರೆಯುವ ಮುನ್ನ ಹತ್ತು ನಿಮಿಷ ಕೊಡಬೇಕೆಂದು ಕೋರುತ್ತೇನೆ. ಆ ಟೀ ಕುಡಿದು, ಅವನಿಗೆ ನಾನೇ ಹೇಳುತ್ತೇನೆ.

ಸ್ಥಳ: ಮದ್ದೂರು
ದಿನಾಂಕ: 06-10-2025
ಸಹಿ: ನಾಗಶ್ರೀ ಎಲ್.